ವಾರ್ಡೂ ಗೆಲ್ಲದವರು ದಿಲ್ಲಿಗೆ ಹೋಗಿ ಏನು ಮಾಡ್ತಾರೆ?

ಪ್ರಶ್ನೆ: ಮತ ಕೇಳಲು ನಮ್ಮ ಮನೆಗೆ ಬಂದ ಲೋಕಸಭೆ ಅಭ್ಯರ್ಥಿ ಒಂದು ವಾರ್ಡನ್ನೂ ಗೆದ್ದವರಲ್ಲ. ಮಾತು ಚಂದ, ಅನುಭವ ಸೊನ್ನೆ. ಇಂಥವರನ್ನು ಕಳಿಸಿದರೆ ಸುಮ್ನೆ ಕೂತು ಭತ್ಯೆ ತಗೊಂಡು ಬರುತ್ತಾರಷ್ಟೆ, ಅಲ್ವಾ?
(ಓದುಗರೊಬ್ಬರು, ಪೆರ್ಲ)

ಉತ್ತರ: ಇದೇ ಮಾತನ್ನು ಊರವರು ಒಮ್ಮೆ ನನ್ನ ಬೆನ್ನ ಹಿಂದೆ ಆಡಿದ್ದರು. ಅಡಿಕೆ ತೋಟ ಬಿಟ್ಟರೆ ಬೇರೇನೂ ಗೊತ್ತಿಲ್ಲದ ನಾನು ಪಂಚಾಯತ್ ಮೆಂಬರ್ ಆಗಿದ್ದೆ. ನಮ್ಮ ಕಾಸರಗೋಡು ಕೇರಳದಲ್ಲಿ ಅಲ್ವಾ, ಮೊದಲ ಮೀಟಿಂಗಿನಲ್ಲಿ ಕೈಗೆ ಬಂದ ಅಜೆಂಡಾ ಪೂರ್ತಿ ಮಲಯಾಳದಲ್ಲಿ. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಮೂರು ವಿಷಯ ಪಾಸಾಗಿತ್ತು. ಕೊನೆಗೆ ಎದ್ದು, ಶಾಲೆ ದಾರಿಯ ಕಾಲುಸಂಕ ಮುರಿದಿದೆ ಎಂದೆ. "ಅದು ಅಜೆಂಡಾದಲ್ಲಿ ಇಲ್ಲ, ಕೂತ್ಕೊಳ್ಳಿ" ಎಂದರು. ಇಂಗು ತಿಂದ ಮಂಗನ ಹಾಗೆ ಕೂತೆ. ಹೊರಗೆ ಬರುವಾಗ ಗುಮಾಸ್ತರೊಬ್ಬರು ಮೆಲ್ಲಗೆ ಹೇಳಿದರು: "ಅಣ್ಣಾ, ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗ್ತದೆ. ಮೊದಲೇ ಬರೆದು ಕೊಡಿ." ಬರೆದು ಕೊಟ್ಟೆ. ಮುಂದಿನ ಮಳೆಗಾಲದ ಹೊತ್ತಿಗೆ ಸಂಕ ಆಯಿತು. ಅಡಿಕೆಮರದ್ದಲ್ಲ, ಕಾಂಕ್ರೀಟಿನದ್ದು!

ಲೋಕಸಭೆಯೂ ಹೀಗೇ. ಪ್ರಶ್ನೆಗೆ 15 ದಿನ ಮೊದಲೇ ನೋಟಿಸ್ ಕೊಡಬೇಕು. ಚುಕ್ಕೆ ಗುರುತಿನ ಪ್ರಶ್ನೆಗಾದರೆ ಮಂತ್ರಿಯೇ ಎದ್ದು ಉತ್ತರ ಹೇಳಬೇಕು, ಅಂಥವು ದಿನಕ್ಕೆ 20 ಮಾತ್ರ. ಇದೆಲ್ಲ ಕಲಿತರೆ ಬರುವ ವಿದ್ಯೆ, ಹೊಸಬರಿಗೆ ಅಲ್ಲೇ ತರಬೇತಿಯೂ ಇದೆ. ಹೊಸಬರೇನು ಒಬ್ಬಿಬ್ಬರಲ್ಲ. 2024ರಲ್ಲಿ ಗೆದ್ದ 543 ಮಂದಿಯಲ್ಲಿ 280 ಜನ ಲೋಕಸಭೆಗೆ ಮೊದಲ ಸಲದವರು. (ಶಾಸಕರಾಗಿ ಪಳಗಿ ಬಂದವರೂ ಅದರಲ್ಲಿ ಇದ್ದಾರೆನ್ನಿ.) ನಮ್ಮ ಕಾಸರಗೋಡೇ 1971ರಲ್ಲಿ ಏನು ಮಾಡಿತು? ಆಗಲೇ ಸಂಸದರಾಗಿದ್ದ, ಮುಂದೆ ಕೇರಳದ ಮುಖ್ಯಮಂತ್ರಿಯೂ ಆದ ಇ.ಕೆ. ನಾಯನಾರ್ ಅವರನ್ನು ಬಿಟ್ಟು, ಮೂವತ್ತೂ ತುಂಬದ ರಾಮಚಂದ್ರನ್ ಕಡನ್ನಪ್ಪಳ್ಳಿಯವರನ್ನು ಕಳಿಸಿತು. 1977ರಲ್ಲಿ ಮತ್ತೆ ಅವರನ್ನೇ ಗೆಲ್ಲಿಸಿತು.

ತರಬೇತಿಯಲ್ಲಿ ಸಿಗದ್ದು ಇನ್ನೊಂದಿದೆ. ಮಂತ್ರಿ ಉತ್ತರ ಕೊಟ್ಟ ಮೇಲೆ ಉಪಪ್ರಶ್ನೆ ಕೇಳಬಹುದು. ಅಡಿಕೆಯ ಎಲೆಚುಕ್ಕಿ ರೋಗದ ವಿಷಯ ಎತ್ತಿದಿರಿ ಅಂತಿಟ್ಟುಕೊಳ್ಳಿ. "ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಸಂಶೋಧನೆ ಮಾಡುತ್ತಿದೆ, ಔಷಧಿ ಸಿಂಪಡಿಸಲು ಹೇಳಿದ್ದೇವೆ" ಎಂಬಂಥ ಉತ್ತರ ಬರುತ್ತದೆ. ನಾಲ್ಕು ಸಲ ಗೆದ್ದವರೂ ತೋಟ ಕಾಣದವರಾದರೆ ಅಷ್ಟಕ್ಕೇ ತಲೆಯಾಡಿಸಿ ಕೂರುತ್ತಾರೆ. ತೋಟ ಗೊತ್ತಿದ್ದವರು ಬಿಡುವುದಿಲ್ಲ: "ಸರಿ, ಮರ ಹತ್ತುವವರು ಎಲ್ಲಿದ್ದಾರೆ? ನೆಲದಲ್ಲೇ ನಿಂತು ಔಷಧಿ ಬಿಡುವ ಉದ್ದ ಕೋಲು, ಆ ಕಾರ್ಬನ್ ಫೈಬರ್ ದೋಟಿಗೆ ಸಬ್ಸಿಡಿ ಎಷ್ಟು ಕೊಡ್ತೀರಿ?"

ಅವರು ಇನ್ನೊಮ್ಮೆ ಬಂದರೆ ಕೂರಿಸಿ, ಚಹಾ ಕೊಡಿ. "ಗೆದ್ದರೆ ಮೊದಲು ಯಾವ ಪ್ರಶ್ನೆ ಬರೆದು ಕಳಿಸ್ತೀರಿ?" ಎಂದು ಕೇಳಿ. "ಅಭಿವೃದ್ಧಿ" ಎಂದರೋ, ಚಹಾ ದಂಡ.

ಪ್ರಶ್ನೆ: ಹಿಂದಿ, ಇಂಗ್ಲಿಷ್ ಸರಿಯಾಗಿ ಬಾರದ ಹೊಸಬರು ಅಲ್ಲಿ ಬಾಯಿ ಮುಚ್ಚಿ ಕೂರಬೇಕಾ?
(ಓದುಗರೊಬ್ಬರು, ನೀರ್ಚಾಲು)

ಉತ್ತರ: ಯಾಕೆ? 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಅವರೂ ಅಲ್ಲಿಗೆ ಹೊಸಬರೇ. ಈಗಂತೂ ಕನ್ನಡದ ಮಾತನ್ನು ಅಲ್ಲೇ ಅನುವಾದಿಸುವ ವ್ಯವಸ್ಥೆ ಇದೆ. ನಮ್ಮ ಪಂಚಾಯತ್ ಮೀಟಿಂಗಿನಲ್ಲಿ ನನಗೆ ಆ ಭಾಗ್ಯ ಇರಲಿಲ್ಲ ನೋಡಿ.