ಕಿಟೆಲ್ ಸಾಕು, ಶೆಡ್ಡಿಗೆ ಬನ್ನಿ

ಆತ್ಮೀಯರೇ,

ಮೈಸೂರಿನ ಹೊರವಲಯದ ನಿಮ್ಮ ಲುಥೆರನ್ ಸಭೆಯ (ಚರ್ಚಿನ) ಚರಿತ್ರೆ ತಲುಪಿತು, ಪೂರ್ತಿ ಓದಿದೆ. ಈ ರೂಪದಲ್ಲಿ ಪ್ರಕಟಿಸಲಾಗದು. ಆದರೂ ಇಷ್ಟುದ್ದ ಬರೆಯುತ್ತಿರುವುದು ಒಂಬತ್ತನೆಯ ಪುಟದ ಆರು ಸಾಲಿಗಾಗಿ. ಕೆಜಿಎಫ್‌ನಿಂದ ಬೆಮೆಲ್ ಕಾರ್ಖಾನೆ ಕೆಲಸಕ್ಕೆ ಬಂದ ಕೆಲವು ಸಂಸಾರಗಳು ಬೆಳವಾಡಿ ಕಡೆ ಬಾಡಿಗೆ ಮನೆ ಹಿಡಿದದ್ದು, ಭಾನುವಾರ ಯಾರದೋ ಮನೆಯ ಹಜಾರದಲ್ಲಿ ಆರಾಧನೆಗೆ ಕೂಡಿದ್ದು, ಆಮೇಲೆ ಶೀಟಿನ ಶೆಡ್ಡು ಎಬ್ಬಿಸಿದ್ದು, ಮಳೆ ಹೊಯ್ದರೆ ಸಭಾಪಾಲಕ ಅಯ್ಯನವರ ಪ್ರಸಂಗ ಮುಂದಿನ ಸಾಲಿಗೂ ಕೇಳಿಸದೆ ಎಲ್ಲರೂ ಕೀರ್ತನೆ ಹಾಡಿಕೊಂಡು ಕೂರುತ್ತಿದ್ದದ್ದು. ನಿಮ್ಮ ಲೇಖನ ಇದೇ. ಉಳಿದ ಪುಟಗಳನ್ನು ಯಾರು ಬೇಕಾದರೂ ಬರೆಯಬಹುದಿತ್ತು.

ನೀವು ಮಾರ್ಟಿನ್ ಲೂಥರ್ ಚರ್ಚಿನ ಸುಧಾರಣೆಗೆ ದನಿಯೆತ್ತಿದ 1517ರ ವಿಟೆನ್‌ಬರ್ಗ್‌ನಿಂದ ಹೊರಟಿದ್ದೀರಿ. 1706ರಲ್ಲಿ ಲುಥೆರನ್ ಮಿಶನರಿ ಜೀಗನ್‌ಬಾಲ್ಗ್ ತರಂಗಂಬಾಡಿಯಲ್ಲಿ ಇಳಿದರು, 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು, ಆಮೇಲೆ ಎರಡು ಪುಟ ಕಿಟೆಲ್. ಕ್ರೈಸ್ತರ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತವರು ಕಿಟೆಲ್ ಅವರಿಗೆ ಕೈಮುಗಿದೇ ಒಳಗೆ ಹೋಗಬೇಕು ಎಂಬ ನೇಮ ಯಾರು ಮಾಡಿದರೋ! 1894ರ ಆ ನಿಘಂಟು ನನ್ನ ಮೇಜಿನ ಮೇಲೂ ಇದೆ. ಆದರೆ ನಿಮ್ಮ ಶೆಡ್ಡಿಗೂ ಅದಕ್ಕೂ ಏನು ಸಂಬಂಧ?

ಸಂಬಂಧ ಕಟ್ಟಲು ಹೋಗಿ ತಪ್ಪೂ ಆಗಿದೆ. ಬಾಸೆಲ್ ಮಿಶನ್ನನ್ನು ಬರೀ ಲುಥೆರನ್ ಎನ್ನಲಾಗದು; 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಆ ಸಂಸ್ಥೆಯಲ್ಲಿ ಲುಥೆರನ್ನರೂ ಇದ್ದರು, ಕಾಲ್ವಿನ್ ಪರಂಪರೆಯ ರಿಫಾರ್ಮ್ಡ್ ಪಂಥದವರೂ ಇದ್ದರು. ಮೈಸೂರಿನ ಹಾರ್ಡ್ವಿಕ್ ಶಾಲೆ, ಹೋಲ್ಡ್ಸ್‌ವರ್ತ್ ಆಸ್ಪತ್ರೆಗಳನ್ನು ‘ನಮ್ಮ ಮಿಶನರಿಗಳ ಸೇವೆ’ ಎಂದಿದ್ದೀರಿ. ಅವು ವೆಸ್ಲಿಯನ್ ಮೆಥಡಿಸ್ಟರವು, 1947ರಲ್ಲಿ ಬೇರೆ ಕೆಲವು ಚರ್ಚುಗಳೊಡನೆ ಕೂಡಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆದ ಪರಂಪರೆಯವು. ಲುಥೆರನ್ನರು ಆ ಒಕ್ಕೂಟ ಸೇರದೆ ಹೊರಗೇ ಉಳಿದರು. ಅಂದಮೇಲೆ ಸಿಎಸ್‌ಐ ಚರ್ಚುಗಳೇ ಹೆಚ್ಚಿರುವ ಈ ಊರಿನಲ್ಲಿ ನಿಮ್ಮ ಹತ್ತಾರು ಮನೆಯವರು ಅಲ್ಲಿಗೇ ಹೋಗಿ ಸೇರಿಕೊಳ್ಳದೆ ಬೇರೆ ಶೆಡ್ಡು ಯಾಕೆ ಕಟ್ಟಿದರು? ಓದುಗ ಕೇಳುವ ಮೊದಲ ಪ್ರಶ್ನೆ ಅದು. ನೀವು ಅದರ ಪಕ್ಕದಲ್ಲೇ ಹಾದುಹೋಗಿದ್ದೀರಿ.

‘ಲುಥೆರನ್ ಮಿಶನ್’ ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ. ಜರ್ಮನಿಯ ಲೈಪ್‌ಜಿಗ್ ಮಿಶನ್ನಿನ ಕವಲು 1919ರಲ್ಲಿ ತಮಿಳು ಇವ್ಯಾಂಜೆಲಿಕಲ್ ಲುಥೆರನ್ ಚರ್ಚ್ ಆಯಿತು. ಅಮೆರಿಕದ ಮಿಸ್ಸೂರಿ ಸಿನಡ್ ಎಂಬ ಲುಥೆರನ್ ಚರ್ಚಿನವರು 1895ರಲ್ಲಿ ಕೃಷ್ಣಗಿರಿಯಲ್ಲಿ ಕೆಲಸ ಶುರುಮಾಡಿದ್ದು ಬೇರೆಯೇ ಕವಲು. ನಿಮ್ಮ ಹಿರಿಯರು ಯಾವುದರಿಂದ ಬಂದವರು? ಕೆಜಿಎಫ್ ಬಿಡುವಾಗ ಅಲ್ಲಿನ ಸಭೆಯಿಂದ ತಂದ ವರ್ಗಾವಣೆ ಪತ್ರ ಒಂದಾದರೂ ಯಾರ ಟ್ರಂಕಿನಲ್ಲಾದರೂ ಇದ್ದೀತು, ವಿಚಾರಿಸಿ.

ಇನ್ನು ರಿಜಿಸ್ಟರುಗಳು. ಸಭೆಯ ದೀಕ್ಷಾಸ್ನಾನದ ಪುಸ್ತಕ, ಮದುವೆ ಪುಸ್ತಕ ‘ಸುರಕ್ಷಿತವಾಗಿವೆ’ ಎಂದು ಬರೆದು ಮುಂದೆ ಹೋಗಿದ್ದೀರಿ. ತೆರೆದು ನೋಡಿದ ಗುರುತು ಲೇಖನದಲ್ಲಿ ಎಲ್ಲೂ ಇಲ್ಲ. 1872ರ ಕ್ರೈಸ್ತ ವಿವಾಹ ಕಾಯ್ದೆಯ ನಮೂನೆಯಲ್ಲಿ ವಧೂವರರ ವಯಸ್ಸು, ವೃತ್ತಿ, ವಾಸಸ್ಥಳ, ತಂದೆಯ ಹೆಸರು ಎಲ್ಲ ಬರೆಯಲೇಬೇಕು. ಆ ವೃತ್ತಿಯ ಕಾಲಮ್ಮನ್ನು ಮೇಲಿನಿಂದ ಕೆಳಗೆ ಓದಿಕೊಂಡು ಬನ್ನಿ. ವೆಲ್ಡರ್, ಫಿಟ್ಟರ್ ಎಂದಿದ್ದದ್ದು ಯಾವ ವರ್ಷ ನರ್ಸ್, ಟೀಚರ್ ಆಯಿತು, ಯಾವಾಗ ಸಾಫ್ಟ್‌ವೇರ್ ಕಾಲಿಟ್ಟಿತು? 2001ರ ಫೆಬ್ರುವರಿ ಕೊನೆಗೆ ಚಿನ್ನದ ಗಣಿ ಮುಚ್ಚಿದ ಮೇಲೆ ಹೊಸ ಹೆಸರುಗಳು ಒಮ್ಮೆಲೇ ಹೆಚ್ಚಿದವೇ? ವಾಸಸ್ಥಳದ ಕಾಲಮ್ಮಿನಲ್ಲಿ ಊರು ಹೇಗೆ ಹಬ್ಬಿತು ಎಂಬುದೂ ಸಿಗುತ್ತದೆ. (1902ರಲ್ಲಿ ನಮ್ಮ ಶಿವನಸಮುದ್ರದ ಕರೆಂಟು ಕೋಲಾರದ ಗಣಿಗೆ ಹೋಯಿತು, ಮುಂದೆ ಗಣಿಯ ಜನ ಈ ಕಡೆ ಬಂದರು. ಬೇಕಿದ್ದರೆ ಬಳಸಿಕೊಳ್ಳಿ.)

ಹನ್ನೆರಡನೆಯ ಪುಟದಲ್ಲಿ ‘ಭಾಷೆಯ ವಿಷಯದಲ್ಲಿ ಸಣ್ಣಪುಟ್ಟ ಭಿನ್ನಾಭಿಪ್ರಾಯ ಬಂದರೂ ದೇವರ ಕೃಪೆಯಿಂದ ಬಗೆಹರಿದವು’ ಎಂದಿದ್ದೀರಿ. ಇದು ಅಡ್ಡಗೋಡೆಯ ಮೇಲೆ ದೀಪ ಇಡುವ ಮಾತು. ತಮಿಳಿನಲ್ಲಿ ಪ್ರಾರ್ಥಿಸುವ ಅಜ್ಜಿ, ಕನ್ನಡ ಶಾಲೆಗೆ ಹೋಗುವ ಮೊಮ್ಮಗ, ಇಬ್ಬರಿಗೂ ಒಂದೇ ಆರಾಧನೆ. ಮೊದಲ ಕನ್ನಡ ಆರಾಧನೆಯ ದಿನ ಎದ್ದು ಹೊರಗೆ ಹೋದವರು ಇದ್ದರೇ? ನಂಬಿಕೆಯ ಪಾಠ ಕಲಿಸುವ ಲೂಥರ್ ಅವರ ಕಿರು ಪ್ರಶ್ನೋತ್ತರವನ್ನು ಮಕ್ಕಳು ಯಾವ ಭಾಷೆಯಲ್ಲಿ ಬಾಯಿಪಾಠ ಮಾಡಿದರು? ಲೂಥರ್ ಅವರನ್ನು ಕರೆತರಲೇಬೇಕು ಅನ್ನಿಸಿದರೆ ಇಲ್ಲಿಗೆ ಕರೆತನ್ನಿ: ಜನರಿಗೆ ಅರ್ಥವಾಗಲಿ ಎಂದು 1526ರಲ್ಲಿ ಜರ್ಮನ್ ಆರಾಧನಾಕ್ರಮ ಪ್ರಕಟಿಸಿದವರು ಅವರು. ನಿಮ್ಮ ಸಭೆಯ ಜಗಳದಲ್ಲಿ ಎರಡೂ ಕಡೆಯವರು ಅವರ ಹೆಸರನ್ನೇ ಹೇಳಿಕೊಂಡಿರಬಹುದು.

ಸಭಾಪಾಲಕರ ಪಟ್ಟಿ ತೆಗೆಯಿರಿ. ಎಲ್ಲರೂ ‘ಸರಳ ಸಜ್ಜನರು, ದೈವಭಕ್ತರು’ ಆದರೆ ಒಬ್ಬರೂ ನೆನಪಿನಲ್ಲಿ ನಿಲ್ಲುವುದಿಲ್ಲ. ಅದರ ಬದಲು ಸುಗ್ಗಿ ಹಬ್ಬದ ಹರಾಜಿನ ಲೆಕ್ಕದ ಪುಸ್ತಕ ಹುಡುಕಿ. ಒಂದು ಕುಂಬಳಕಾಯಿಯನ್ನು ಕೂಗಿ ಕೊಂಡವರು ಅದನ್ನೇ ಮತ್ತೆ ಕಾಣಿಕೆಯಾಗಿ ಇಟ್ಟು, ಅದು ಮೂರು ನಾಲ್ಕು ಸಲ ಹರಾಜಾಗುವುದನ್ನು ನಾನು ಬಲ್ಲೆ. ಶೆಡ್ಡು ಹೋಗಿ ಆರ್‌ಸಿಸಿ ಬಂದದ್ದರಲ್ಲಿ ಅಂಥ ಕುಂಬಳಕಾಯಿಗಳ ಪಾಲು ಎಷ್ಟು? ‘ದಾನಿಗಳ ಉದಾರ ನೆರವಿನಿಂದ’ ಎಂಬ ನಿಮ್ಮ ವಾಕ್ಯಕ್ಕಿಂತ ಆ ಲೆಕ್ಕ ಹೆಚ್ಚು ಹೇಳುತ್ತದೆ.

ಭಾಷೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಲೋಕಾರ್ಪಣೆಗೊಳಿಸಲಾಯಿತು’, ‘ಅವಿಸ್ಮರಣೀಯ’ ಇಂಥವನ್ನು ಕಿತ್ತುಹಾಕಿ. ಆ ಆರು ಸಾಲಿನಲ್ಲಿ ನೀವು ಬರೆದಿರುವ ಕನ್ನಡವೇ ಸಾಕು.

ಪುಸ್ತಕಗಳನ್ನು ನೋಡಲು ಸಭಾ ಸಮಿತಿಯ ಒಪ್ಪಿಗೆ ಪಡೆಯಿರಿ. ಬದುಕಿರುವವರ ಜನನ, ಮದುವೆ ವಿವರಗಳನ್ನು ಹೆಸರಿನೊಡನೆ ಅಚ್ಚಿಗೆ ಕೊಡಬೇಡಿ. ಜಗಳದ ಭಾಗದಲ್ಲಂತೂ ಹೆಸರು ಬೇಡವೇ ಬೇಡ. ಸಾವಿರದ ಐನೂರು ಪದ ಮೀರದಂತೆ ತಿದ್ದಿ ಕಳಿಸಿ. ಶೆಡ್ಡಿನ ಮುಂದೆ ಎಲ್ಲರೂ ನಿಂತಿರುವ ಆ ಫೋಟೊದ ಮೂಲ ಪ್ರತಿ ಬೇಕು. ವಾಟ್ಸಾಪಿನಲ್ಲಿ ಬಂದದ್ದು ಅಚ್ಚಿಗೆ ಬರುವುದಿಲ್ಲ.

ಇಂತಿ,
ಸಂಪಾದಕ