ಗೋಡೆ ಉಳಿದರೆ ಸಾಕೇ?

ಮಾನ್ಯರೇ,

ಕ್ಯಾಲಿಫೋರ್ನಿಯಾದ ಮಾಂಟೆರೆ ಮತ್ಸ್ಯಾಲಯದ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ನೀವು ಕೇಳಿದ್ದೀರಿ: ಮೀನಿನ ಕಾರ್ಖಾನೆ ಕೆಡವಿ, ಅದೇ ಆಕಾರದಲ್ಲಿ ಹೊಸದನ್ನು ಕಟ್ಟಿ, ಹಳೆಯದನ್ನು ಉಳಿಸಿಕೊಂಡೆವು ಎನ್ನಬಹುದೇ? ನಾಳೆ ನಮ್ಮ ಮಂಗಳೂರಿನ ಮೀನು ಬಂದರು, ಅಂದರೆ ಧಕ್ಕೆಯ ಶೆಡ್ಡುಗಳಿಗೂ ಇದೇ ಗತಿಯೇ?

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಮಾಂಟೆರೆಯ ಕಥೆ ಸ್ವಲ್ಪ ಬೇರೆ. ಅಲ್ಲಿಯ ಹೋವ್ಡನ್ ಕಾರ್ಖಾನೆಯಲ್ಲಿ ಬೂತಾಯಿ (ಸಾರ್ಡೀನ್) ಮೀನನ್ನು ಡಬ್ಬಿಗೆ ತುಂಬುತ್ತಿದ್ದರು. ದೋಣಿಗಳು ರಾತ್ರಿ ಬರುತ್ತಿದ್ದವು. ಒಂದೊಂದು ಕಾರ್ಖಾನೆಯ ಸೀಟಿಗೂ ಒಂದೊಂದು ದನಿ. ತಮ್ಮದು ಕೂಗಿದ್ದು ಕೇಳಿ ಹೆಂಗಸರು ಹಾಸಿಗೆಯಿಂದೆದ್ದು ಓಡಬೇಕಿತ್ತು. 1940ರ ದಶಕದ ಕೊನೆಗೆ ಮೀನೇ ಮಾಯವಾಯಿತು. ವಿಪರೀತ ಹಿಡಿದದ್ದೂ ಅದಕ್ಕೊಂದು ಕಾರಣ. ಹಿಡಿದ ಮೀನಿನಲ್ಲಿ ಬಹುಪಾಲು ಊಟದ ತಟ್ಟೆಗಲ್ಲ, ಹಿಟ್ಟಿಗೆ, ಗೊಬ್ಬರಕ್ಕೆ ಹೋಗುತ್ತಿತ್ತು. ಹೋವ್ಡನ್ 1973ರವರೆಗೆ ಹೇಗೋ ಉಸಿರು ಹಿಡಿದಿತ್ತು. ಮತ್ಸ್ಯಾಲಯ ತೆರೆದದ್ದು 1984ರಲ್ಲಿ. ಹಳೆಯ ಕಟ್ಟಡ ಶಿಥಿಲವಾಗಿದ್ದರಿಂದ ಬಹುಭಾಗ ಕೆಡವಿದರು, ನಿಜ. ಆದರೆ ಆ ದೈತ್ಯ ಬಾಯ್ಲರುಗಳನ್ನು ಗುಜರಿಗೆ ಹಾಕಲಿಲ್ಲ. ಒಳಹೊಕ್ಕವರಿಗೆ ಇಂದಿಗೂ ಕಾಣುತ್ತವೆ. ಬರಿದಾದ ಕಡಲಿನ ದಂಡೆಯಲ್ಲೇ ಕಡಲಿನ ಪಾಠ ಹೇಳುವ ಮನೆ ಎದ್ದಿದೆಯಲ್ಲ, ಅದು ನನಗೆ ಸಣ್ಣದೆನಿಸುವುದಿಲ್ಲ.

ಆದರೂ ನನ್ನ ಮನಸ್ಸು ಹೆಚ್ಚು ಒಪ್ಪುವುದು ನಾರ್ವೆಯ ಸ್ಟಾವಂಗರ್‌ನ ದಾರಿಯನ್ನು. ಒಂದು ಕಾಲಕ್ಕೆ 50ಕ್ಕೂ ಹೆಚ್ಚು ಡಬ್ಬಿಮೀನು ಕಾರ್ಖಾನೆಗಳಿದ್ದ ಊರದು. ಅವುಗಳಲ್ಲೊಂದು 1916ರಿಂದ 1958ರವರೆಗೆ ನಡೆದು, 1982ರಲ್ಲಿ ಇದ್ದ ಜಾಗದಲ್ಲೇ ಮ್ಯೂಸಿಯಂ ಆಯಿತು. ಅಲ್ಲಿ ಕೆಲಸದ ಸಾಲು ಹಾಗೇ ಕಣ್ಣಿಗೆ ಬೀಳುತ್ತದೆ. ಬ್ರಿಸ್ಲಿಂಗ್ ಎಂಬ ಪುಟ್ಟ ಮೀನು, ನಮ್ಮ ಬೂತಾಯಿಯ ದಾಯಾದಿ. ಅದರ ತಲೆಗೆ ತೆಳ್ಳನೆ ಸರಳು ಪೋಣಿಸಿ, ಸಾಲಾಗಿ ಒಲೆಯೊಳಗೆ ತೂಗುಹಾಕಿ ಹೊಗೆ ಹಿಡಿಸುತ್ತಿದ್ದರು. ಆಮೇಲೆ ತಲೆ ಕತ್ತರಿಸುವುದು. ಆಮೇಲೆ ಒಂದೊಂದೇ ಮೀನನ್ನು ಬೆಳ್ಳಿಹೊಟ್ಟೆ ಮೇಲಾಗುವಂತೆ ಡಬ್ಬಿಯಲ್ಲಿ ಕೈಯಿಂದ ಜೋಡಿಸುವುದು. ಅದು ಹೆಂಗಸರ ಕೆಲಸ. ಎಣ್ಣೆ ಹೊಯ್ದು ಮುಚ್ಚಳ ಬಿಗಿದು ಬೇಯಿಸಿದರೆ ಡಬ್ಬಿ ಸಿದ್ಧ. ಒಲೆ ಹೊತ್ತಿಸಿ, ನೋಡಲು ಬಂದವರಿಗೆ ಬಿಸಿ ಹೊಗೆಮೀನು ತಿನ್ನಿಸುವ ರೂಢಿಯನ್ನೂ ಆ ಮ್ಯೂಸಿಯಂ ಬೆಳೆಸಿಕೊಂಡಿತು.

ಹಳೆಯ ಕಾರ್ಖಾನೆ ಹೋಟೆಲ್ ಆಗಲಿ, ಅಂಗಡಿಯಾಗಲಿ, ನನ್ನ ತಕರಾರಿಲ್ಲ. ಬಾಡಿಗೆ ಬರದ ಕಟ್ಟಡಕ್ಕೆ ಕಡಲ ಉಪ್ಪುಗಾಳಿಯೇ ಸಾಕು, ನಾಲ್ಕು ಮಳೆಗಾಲದಲ್ಲಿ ಮಾಡು ಕುಸಿಯುತ್ತದೆ. ಆದರೆ ಒಳಗೆ ಯಾರು, ಏನು ಮಾಡುತ್ತಿದ್ದರು ಎಂಬುದು ಕಾಣಬೇಕು. ಒಲೆ, ಬಾಯ್ಲರು, ನೀರು ಹರಿಯುತ್ತಿದ್ದ ನೆಲದ ಕಾಲುವೆ ಮೊದಲು ಉಳಿಯಲಿ. ಮುಂಗಡೆಯ ಬಣ್ಣ ಆಮೇಲೆ.

ಧಕ್ಕೆಯ ಶೆಡ್ಡುಗಳ ಹಣೆಬರಹ ನನ್ನ ಕೈಲಿಲ್ಲ. ನಿಮ್ಮ ತಾಯಿ ಅಲ್ಲೇ ಸಿಗಡಿ ಸುಲಿಯುತ್ತಿದ್ದರು ಎಂದು ಪತ್ರದ ಕೊನೆಗೆ ಒಂದೇ ಸಾಲಿನಲ್ಲಿ ಬರೆದು ಬಿಟ್ಟಿದ್ದೀರಿ. ಕೂಲಿ ದಿನದ ಲೆಕ್ಕದಲ್ಲಿತ್ತೋ ತೂಕದ ಲೆಕ್ಕದಲ್ಲೋ, ದೋಣಿ ಬಂದ ಸುದ್ದಿ ಮನೆಗೆ ಹೇಗೆ ಮುಟ್ಟುತ್ತಿತ್ತು, ಮಂಜುಗಡ್ಡೆಯಲ್ಲಿ ಮರಗಟ್ಟಿದ ಬೆರಳಿಗೆ ಏನು ಹಚ್ಚುತ್ತಿದ್ದರು, ಅವರನ್ನೇ ಕೇಳಿ ಎರಡು ಪುಟ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇವೆ.

— ಸಂಪಾದಕ