ಮಹಡಿ ರೂಮಿಗೆ ವೈಫೈ ಸರಿಯಾಗಿ ಬರುತ್ತಿಲ್ಲ, ಆರು ಆಂಟೆನಾ ಇರುವ ದೊಡ್ಡ ರೂಟರ್ ತಗೊಳ್ಳಲಾ?

ಬೇಡ, ಸದ್ಯಕ್ಕೆ ದುಡ್ಡು ಹಾಕಬೇಡಿ. ಕೆಳಗಿನ ಹಾಲ್‌ನಲ್ಲಿ 100 ಎಂಬಿಪಿಎಸ್ ಪೂರ್ತಿ ಬರುತ್ತದೆ, ಮೇಲಿನ ರೂಮಿನಲ್ಲಿ ಸಿಗ್ನಲ್ ಕಡ್ಡಿ ತೋರಿಸಿದರೂ ವಿಡಿಯೋ ಕಾಲ್ ನಿಂತು ನಿಂತು ಹೋಗುತ್ತದೆ ಅಂತ ಬರೆದಿದ್ದೀರಿ. ಅಂದರೆ ನಿಮ್ಮ ಫೈಬರ್ ಕನೆಕ್ಷನ್ ಚೆನ್ನಾಗಿಯೇ ಇದೆ. ತೊಂದರೆ ಇರುವುದು ರೂಟರ್ ಮತ್ತು ಲ್ಯಾಪ್‌ಟಾಪ್ ನಡುವೆ.

ನಾನು ಮನೆಗಳಿಗೆ, ಸಣ್ಣ ಆಫೀಸುಗಳಿಗೆ ನೆಟ್‌ವರ್ಕ್ ಹಾಕಿಕೊಡುವವನು. ಈ ಪ್ರಶ್ನೆ ಎಲ್ಲ ಕಡೆ ಬರುತ್ತದೆ. ವೈಫೈ ಕೂಡ ರೇಡಿಯೋನೇ, ಆದರೆ ಆಕಾಶವಾಣಿ ತರಹ ಒಂದೇ ಕಡೆಯಿಂದ ಬರುವುದಲ್ಲ. ರೂಟರ್ ಹೇಳಿದ್ದು ಫೋನಿಗೆ ಕೇಳಿಸಬೇಕು, ಫೋನ್ ಹೇಳಿದ್ದು ರೂಟರಿಗೂ ಕೇಳಿಸಬೇಕು. ಫೋನಿನ ಆಂಟೆನಾ ಚಿಕ್ಕದು, ಬ್ಯಾಟರಿ ಉಳಿಸಬೇಕಾದ್ದರಿಂದ ಅದು ಕಳಿಸುವ ಶಕ್ತಿಯೂ ಕಡಿಮೆ. ಹಾಗಾಗಿ ರೂಟರ್ ಎಷ್ಟೇ ಜೋರಾಗಿ ಕಳಿಸಿದರೂ ನಿಮ್ಮ ಫೋನಿನಲ್ಲಿ ಕಡ್ಡಿ ಜಾಸ್ತಿ ಕಾಣುತ್ತದೆ ಅಷ್ಟೇ, ವಾಪಸ್ ಹೋಗುವ ಸಿಗ್ನಲ್ ಮೊದಲು ಎಷ್ಟಿತ್ತೋ ಬಹುತೇಕ ಅಷ್ಟೇ ಇರುತ್ತದೆ. ದೊಡ್ಡ ರೂಟರಿನಿಂದ ಸ್ವಲ್ಪ ಸುಧಾರಿಸಬಹುದು, ಆದರೆ ನಡುವೆ ಕಬ್ಬಿಣ ತುಂಬಿದ ಆರ್‌ಸಿಸಿ ಮೋಲ್ಡ್ ಇರುವಾಗ ಆ ದುಡ್ಡಿಗೆ ತಕ್ಕ ಫಲ ಸಿಗುವುದಿಲ್ಲ.

ಮೊದಲು ಖರ್ಚಿಲ್ಲದ ಕೆಲಸ ಮಾಡಿ. ರೂಟರ್ ಈಗ ಟಿವಿ ಹಿಂದೆ ಶೋಕೇಸ್ ಒಳಗಿದೆ ಅಂದಿರಿ, ಅಲ್ಲಿಂದ ತೆಗೆಯಿರಿ. ಟಿವಿ, ಕನ್ನಡಿ, ಕಬ್ಬಿಣದ ಬೀರು, ನೀರಿನ ಟ್ಯಾಂಕ್ ಇವೆಲ್ಲ ಸಿಗ್ನಲ್‌ಗೆ ಅಡ್ಡ. ಫೈಬರ್ ಹಾಕಲು ಬಂದವರು ಕೇಬಲ್ ಒಳಗೆ ಬಂದ ಜಾಗದಲ್ಲೇ ರೂಟರ್ ಇಟ್ಟು ಹೋಗುತ್ತಾರೆ, ಅವರಿಗೆ ಅದು ಸುಲಭ. ನಿಮಗೆ ಬೇಕಾದದ್ದು ಮೆಟ್ಟಿಲ ಹತ್ತಿರ, ಎದೆ ಎತ್ತರಕ್ಕಿಂತ ಮೇಲೆ, ತೆರೆದ ಜಾಗ. ಫೈಬರ್ ತಂತಿಯನ್ನು ಮಾತ್ರ ಚೂಪಾಗಿ ಮಡಿಸಬೇಡಿ, ಒಳಗಿರುವುದು ಗಾಜು. ನೆಟ್ಟಗೆ ನಿಲ್ಲಿಸಿದ ಆಂಟೆನಾದಿಂದ ಸಿಗ್ನಲ್ ಅಕ್ಕಪಕ್ಕಕ್ಕೆ ಹರಡುತ್ತದೆ, ಅದರ ತುದಿ ತೋರಿಸುವ ಕಡೆಗೆ ತುಂಬಾ ಕಡಿಮೆ. ಆದ್ದರಿಂದ ಒಂದು ಆಂಟೆನಾವನ್ನು ಅಡ್ಡ ಮಲಗಿಸಿ ನೋಡಿ, ಮಹಡಿಗೆ ಅನುಕೂಲ.

ಆಮೇಲೆ ಬ್ಯಾಂಡ್, ಅಂದರೆ ವೈಫೈ ಓಡಾಡುವ ರೇಡಿಯೋ ದಾರಿ; ಸಾಮಾನ್ಯವಾಗಿ ಎರಡಿರುತ್ತವೆ. 2.4 ಗಿಗಾಹರ್ಟ್ಸ್ ಗೋಡೆ ದಾಟುತ್ತದೆ, ಆದರೆ ನಿಧಾನ ಮತ್ತು ಗದ್ದಲ ಜಾಸ್ತಿ. ನಮ್ಮ ದೇಶದಲ್ಲಿ 2005ರಿಂದ ಇದಕ್ಕೆ ಲೈಸೆನ್ಸ್ ಬೇಡ, ಹಾಗಾಗಿ ಅಕ್ಕಪಕ್ಕದ ಮನೆಯವರ ವೈಫೈ, ಬ್ಲೂಟೂತ್ ಎಲ್ಲವೂ ಅಲ್ಲೇ ಇವೆ, ಮೈಕ್ರೋವೇವ್ ಓವನ್ ಕೂಡ ಅಲ್ಲೇ ತೊಂದರೆ ಕೊಡುತ್ತದೆ. ಈ ಬ್ಯಾಂಡಿನೊಳಗಿನ ಸಣ್ಣ ಓಣಿಗಳೇ ಚಾನೆಲ್. ಚಾನೆಲ್ 1, 6, 11 ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ, ಇವುಗಳಲ್ಲಿ ಖಾಲಿ ಇರುವುದನ್ನು ರೂಟರ್ ಸೆಟ್ಟಿಂಗ್ಸ್‌ನಲ್ಲಿ ಆರಿಸಿ, ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇರಲಿ. 5 ಗಿಗಾಹರ್ಟ್ಸ್ ವೇಗವಾಗಿದೆ, ಆದರೆ ಗೋಡೆ ಎದುರಾದರೆ ಬೇಗ ಸೋಲುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಯಾವುದಾದರೂ ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡು ಮೇಲಿನ ರೂಮಿನಲ್ಲಿ ನಿಂತು ನೋಡಿ: ಅದು ಸಿಗ್ನಲ್ ಶಕ್ತಿಯನ್ನು ಡಿಬಿಎಂ ಅನ್ನುವ ಅಳತೆಯಲ್ಲಿ ತೋರಿಸುತ್ತದೆ. ಮೈನಸ್ 50 ಡಿಬಿಎಂ ಅಂದರೆ ಬಹಳ ಚೆನ್ನಾಗಿದೆ, ವಿಡಿಯೋ ಕಾಲ್‌ಗೆ ಮೈನಸ್ 67ರ ಆಸುಪಾಸು ಸಾಕು, ಮೈನಸ್ 80 ಆದರೆ ಕೆಲಸ ಆಗುವುದಿಲ್ಲ. ಹತ್ತು ಕಡಿಮೆಯಾದರೆ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿದಂತೆ. ಕಡ್ಡಿ ಎಣಿಸುವುದಕ್ಕಿಂತ ಈ ನಂಬರ್ ನಂಬಿ.

ಜಾಗ ಬದಲಿಸಿಯೂ ಸರಿಹೋಗದಿದ್ದರೆ ಅಂಗಡಿಯವರು ರಿಪೀಟರ್ ತೋರಿಸುತ್ತಾರೆ. ಸಾಮಾನ್ಯ ರಿಪೀಟರ್ ಕೇಳಿದ್ದನ್ನೇ ಅದೇ ಚಾನೆಲ್‌ನಲ್ಲಿ ಮತ್ತೆ ಹೇಳುತ್ತದೆ, ವೇಗ ಸುಮಾರು ಅರ್ಧಕ್ಕೆ ಬೀಳುತ್ತದೆ. ಅದನ್ನೂ ಜನ ಸಿಗ್ನಲ್ ಇಲ್ಲದ ರೂಮಿನಲ್ಲೇ ಸಿಕ್ಕಿಸುತ್ತಾರೆ. ರಿಪೀಟರಿಗೇ ಸಿಗ್ನಲ್ ಸಿಗದಿದ್ದರೆ ಅದು ಏನನ್ನು ಮುಂದೆ ಕಳಿಸಬೇಕು, ಅಲ್ವಾ?

ನಾನು ಖಂಡಿತವಾಗಿ ಹೇಳುವುದು ಒಂದೇ: ಮೇಲಕ್ಕೆ ತಂತಿ ಎಳೆಯಿರಿ. ವೈಫೈಗೆ ಕೊನೆಯ ನಾಲ್ಕೈದು ಮೀಟರ್ ಕೆಲಸ ಮಾತ್ರ ಕೊಡಿ. ಕ್ಯಾಟ್ 6 ಅನ್ನುವ ನೆಟ್‌ವರ್ಕ್ ಕೇಬಲ್ 100 ಮೀಟರ್‌ವರೆಗೆ ಆರಾಮಾಗಿ ಹೋಗುತ್ತದೆ, ನಿಮ್ಮ ಮನೆಗೆ ಬೇಕಾದದ್ದು ಅದರಲ್ಲಿ ಸ್ವಲ್ಪವೇ. ಕೊಳ್ಳುವಾಗ ಪೂರ್ತಿ ತಾಮ್ರದ್ದಾ ಅಂತ ಕೇಳಿ, ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಅಗ್ಗಕ್ಕೆ ಸಿಗುತ್ತದೆ, ಬೇಡ. ಕರೆಂಟ್ ವೈರ್ ಇರುವ ಪೈಪಿನಲ್ಲೇ ಇದನ್ನು ತೂರಿಸಬೇಡಿ, ಬೇರೆ ಪೈಪ್ ಅಥವಾ ಮೆಟ್ಟಿಲ ಪಕ್ಕ ಪಟ್ಟಿ ಹೊಡೆಸಿ ಎಳೆಯಿರಿ.

ಮೇಲಿನ ರೂಮಿನಲ್ಲಿ ಆ ಕೇಬಲ್ಲಿನ ತುದಿಗೆ, ಮನೆಯಲ್ಲಿ ಬಿದ್ದಿರುವ ಹಳೆಯ ರೂಟರ್ ಸಾಕಾಗುತ್ತದೆ. ಅದರಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ (ತಂತಿಯಲ್ಲಿ ಬಂದದ್ದನ್ನು ಬರೀ ವೈಫೈ ಮಾಡಿ ಕೊಡುವ ಸೆಟ್ಟಿಂಗ್) ಇದ್ದರೆ ಆನ್ ಮಾಡಿ, ಮುಗಿಯಿತು. ಇಲ್ಲದಿದ್ದರೆ ಮೊದಲು ಅದರ ವಿಳಾಸ ಬದಲಿಸಿ (ಕೆಳಗಿನದು 192.168.1.1 ಇದ್ದರೆ ಇದಕ್ಕೆ 192.168.1.2 ಕೊಡಿ), ಡಿಎಚ್‌ಸಿಪಿ (ಫೋನ್, ಲ್ಯಾಪ್‌ಟಾಪ್‌ಗಳಿಗೆ ತಾನಾಗಿ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಆಮೇಲೆ ಕೆಳಗಿನಿಂದ ಬಂದ ಕೇಬಲ್ಲನ್ನು ಅದರ ವ್ಯಾನ್ (WAN, ಇಂಟರ್‌ನೆಟ್ ಬರುವ) ಪೋರ್ಟಿಗಲ್ಲ, ಲ್ಯಾನ್ (LAN, ಮನೆಯೊಳಗಿನ) ಪೋರ್ಟಿಗೆ ಹಾಕಿ. ಡಿಎಚ್‌ಸಿಪಿ ಎರಡೂ ಕಡೆ ಆನ್ ಇದ್ದರೆ ಕೆಲವು ಫೋನ್‌ಗಳಲ್ಲಿ ವೈಫೈ ಕನೆಕ್ಟ್ ಆದರೂ ಇಂಟರ್‌ನೆಟ್ ಬರದೆ ತಲೆ ಕೆಡುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇರಲಿ, ಚಾನೆಲ್ ಮಾತ್ರ ಬೇರೆ ಬೇರೆ. ಯಾವ ರೂಟರಿಗೆ ಹೋಗಬೇಕು ಅನ್ನುವುದನ್ನು ಫೋನೇ ತೀರ್ಮಾನಿಸುತ್ತದೆ. ಹಳೆಯ ರೂಟರಿನ ಪೋರ್ಟ್ 100 ಎಂಬಿಪಿಎಸ್‌ದೇ ಆಗಿದ್ದರೂ ನಿಮ್ಮ ಪ್ಲ್ಯಾನಿಗೆ ಚಿಂತೆಯಿಲ್ಲ.

ಸೆಟ್ಟಿಂಗ್ಸ್ ತೆರೆದಾಗಲೇ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಸೆಕ್ಯುರಿಟಿ ಡಬ್ಲ್ಯುಪಿಎ2 (WPA2) ಅಥವಾ ಡಬ್ಲ್ಯುಪಿಎ3 (WPA3) ಇಡಿ, ಡಬ್ಲ್ಯುಪಿಎಸ್ (WPS, ಗುಂಡಿ ಒತ್ತಿ ಅಥವಾ ಪಿನ್ ಹಾಕಿ ಕನೆಕ್ಟ್ ಮಾಡುವ ಸೌಲಭ್ಯ) ಆಫ್ ಮಾಡಿ.

ಬಾಡಿಗೆ ಮನೆ, ತಂತಿ ಎಳೆಯಲು ಆಗುವುದೇ ಇಲ್ಲ ಅಂದರೆ ಆಗ ಮೆಶ್ ಸೆಟ್ (ಒಂದೇ ವೈಫೈ ಆಗಿ ಸೇರಿ ಕೆಲಸ ಮಾಡುವ ಎರಡು-ಮೂರು ಡಬ್ಬಿಗಳು) ಯೋಚಿಸಬಹುದು, ಎರಡನೇ ಡಬ್ಬಿಯನ್ನು ರೂಮಿನೊಳಗಲ್ಲ, ಮೆಟ್ಟಿಲ ಅರ್ಧದಲ್ಲಿ ಇಡಬೇಕು. ಯಾವುದಕ್ಕೂ ಮನೆಯ ನಕ್ಷೆ ಸುಮ್ನೆ ಕೈಯಲ್ಲೇ ಬರೆದು ಫೋಟೋ ಹಾಕಿ, ಮೇಲಿನ ರೂಮಿನ ಡಿಬಿಎಂ ನಂಬರ್ ಕೂಡ ತಿಳಿಸಿ. ಕೇಬಲ್ ಯಾವ ಕಡೆಯಿಂದ ಹೋದರೆ ಸುಲಭ ಅಂತ ನೋಡಿ ಹೇಳುತ್ತೇನೆ.